ಅಡಿಕೆ ಲೆಕ್ಕದ ಏರಿಳಿತ

ಆ ಭಾನುವಾರ ಬೆಳಿಗ್ಗೆ ಅತ್ತೆ ಮನೆಯ ಜಗಲಿಯಿಂದ ಅಂಗಳಕ್ಕೆ ಮೂರು ಮೆಟ್ಟಿಲು ಇಳಿಯಲು ಕಂಬ ಹಿಡಿದುಕೊಳ್ಳಬೇಕಾಯಿತು. ಮುಖ ಮುಂದಾಗಿ ಇಳಿಯಲಾಗಲಿಲ್ಲ. ಬೆನ್ನು ಹಾಕಿ, ಒಂದೊಂದೇ ಕಾಲೂರಿ ಇಳಿದೆ. ತೊಡೆಯ ಮುಂಭಾಗ ಮುಟ್ಟಿದರೆ ಕಲ್ಲು. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಅತ್ತೆ, "ಇವತ್ತು ಗುಡ್ಡ ಬೇಡ ಮಾರಾಯ, ಮಲಗು" ಎಂದರು. ನಾನು ಧರ್ಮತ್ತಡ್ಕಕ್ಕೆ ಬಂದದ್ದೇ ಆ ಭಾನುವಾರಕ್ಕಾಗಿ ಎಂದು ಅವರಿಗೆ ಹೇಗೆ ಹೇಳುವುದು?

ಅಕ್ಟೋಬರ್ ಕೊನೆಗೆ ನಾನೂ ಭಾವನೂ ಡಾರ್ಜಿಲಿಂಗ್ ಕಡೆಯ ಹಿಮಾಲಯನ್ ಹಂಡ್ರೆಡ್ ಮೈಲ್ ಓಟಕ್ಕೆ ಹೆಸರು ಕೊಟ್ಟಿದ್ದೆವು. ಐದು ದಿನ, ಒಟ್ಟು 160 ಕಿ.ಮೀ. ಮೊದಲ ದಿನವೇ ಮಾನೆಭಂಜನ್‌ನಿಂದ ಹೊರಟು 3,636 ಮೀಟರ್ ಎತ್ತರದ ಸಂದಕ್‌ಫು ಸೇರಬೇಕು. ಅಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ನಮ್ಮ ಕಡಲತೀರದಲ್ಲಿ ಸಿಗುವುದರ ಸುಮಾರು ಮೂರನೇ ಎರಡು ಪಾಲು. ಕಾಸರಗೋಡಿನಲ್ಲಿದ್ದುಕೊಂಡು ಅದಕ್ಕೆ ತಯಾರಾಗುವ ದಾರಿಯಿಲ್ಲ, ಹಾಗಾಗಿ ಆ ಚಿಂತೆ ಬಿಟ್ಟಿದ್ದೆ. ನನ್ನ ನಿದ್ದೆ ಕೆಡಿಸಿದ್ದು ಮೂರನೆಯ ದಿನ. ಎರಡು ದಿನ ದಣಿದ ಕಾಲಿನಲ್ಲಿ, ಮ್ಯಾರಥಾನ್ ದೂರ, ಸಂದಕ್‌ಫುವಿನಿಂದ ರಿಂಬಿಕ್‌ಗೆ ಇಳಿತ.

ಇಳಿಯುವುದನ್ನು ಕಲಿಯಲು ನಮಗೆ ಪೊಸಡಿಗುಂಪೆ ಗುಡ್ಡ ಸಾಕು. ಬೋಳು ನೆತ್ತಿ, ಮುರಕಲ್ಲು, ಮಳೆಗಾಲ ಮುಗಿಯುವ ಹೊತ್ತಿಗೆ ಮೊಣಕಾಲು ಮುಟ್ಟುವ ಹುಲ್ಲು. ಮೋಡ ಸರಿದರೆ ಪಡುವಣದಲ್ಲಿ ಅರಬ್ಬೀ ಸಮುದ್ರ ಒಂದು ಗೆರೆಯಾಗಿ ಹೊಳೆಯುತ್ತದೆ. ಏರು ಉದ್ದದ್ದಲ್ಲ, ಆದ್ದರಿಂದ ಹತ್ತು ಸಲ ಹತ್ತಿ ಇಳಿಯುವುದೆಂದು ಮಾತಾಯಿತು. ಲೆಕ್ಕ ತಪ್ಪದಿರಲು ಅಟ್ಟದಿಂದ ಸಿಪ್ಪೆ ಸುಲಿಯದ ಹತ್ತು ಅಡಿಕೆ ತಂದೆವು. ಒಂದು ಸುತ್ತಿಗೆ ಒಂದು ಅಡಿಕೆ, ನೆತ್ತಿಯ ಮುರಕಲ್ಲಿನ ಹೊಂಡದಲ್ಲಿ ಇಟ್ಟು ಬರುವುದು.

ಶನಿವಾರ ಹತ್ತೂ ಇಟ್ಟೆವು. ಏರುವಾಗ ಓಡಲಿಲ್ಲ. ಅಂಗೈಯನ್ನು ತೊಡೆಗೆ ಒತ್ತಿ, ಬೆನ್ನು ಬಾಗಿಸಿ, ಒಂದೇ ಲಯದಲ್ಲಿ ನಡೆದೆವು. ಕಡಿದಾದಲ್ಲಿ ಓಡುವುದಕ್ಕೂ ಹಾಗೆ ನಡೆಯುವುದಕ್ಕೂ ವೇಗದಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಉಸಿರಿನಲ್ಲಿ ಬಹಳವಿದೆ. ನಾನು ತಪ್ಪಿದ್ದು ಇಳಿಯುವಾಗ. ಉದ್ದುದ್ದ ಹೆಜ್ಜೆ ಹಾಕಿ, ಹಿಮ್ಮಡಿ ಕುಟ್ಟಿ, ಪ್ರತಿ ಹೆಜ್ಜೆಗೂ ಮೈಭಾರವನ್ನು ತೊಡೆಯಿಂದ ತಡೆದೆ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ಹೊರಬೇಕು. ಹಾಗೆ ಹೊರುವಾಗಲೇ ಅದರ ಎಳೆಗಳಿಗೆ ಕಣ್ಣಿಗೆ ಕಾಣದ ಗಾಯವಾಗುತ್ತದೆ. ಆ ನೋವು ಕೂಡಲೇ ಬರುವುದಿಲ್ಲ. ರಾತ್ರಿ ಕಳೆದು, ಮೆಟ್ಟಿಲಿನ ಬಳಿ ಕಾದು ನಿಂತಿರುತ್ತದೆ.

ಆದರೂ ಅದರಲ್ಲಿ ಒಂದು ಲಾಭವಿದೆ. ಒಮ್ಮೆ ಇಂಥ ಪೆಟ್ಟು ತಿಂದು ಸುಧಾರಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರ ಅದೇ ಇಳಿತಕ್ಕೆ ಅಷ್ಟಾಗಿ ನೋಯುವುದಿಲ್ಲ. ಏರುವ ಶಕ್ತಿಯನ್ನು ಬೇರೆಲ್ಲಾದರೂ ಗಳಿಸಬಹುದು, ಇಳಿಯುವ ಶಕ್ತಿ ಇಳಿದೇ ಬರಬೇಕು. ನಾನು ಇದನ್ನು ಗಟ್ಟಿಯಾಗಿ ನಂಬುತ್ತೇನೆ.

ಅತ್ತೆ ಗಂಜಿಗೆ ಉಪ್ಪು ಹಾಕಿ, ಮಿಡಿ ಉಪ್ಪಿನಕಾಯಿಯ ಜೊತೆ ಕೊಟ್ಟರು. ಉಂಡು ಹೊರಟೆವು. ಭಾನುವಾರದ ಲೆಕ್ಕ ತಿರುಗುಮುರುಗು: ಪ್ರತಿ ಸುತ್ತಿಗೆ ಒಂದು ಅಡಿಕೆ ಕೆಳಗೆ ತರುವುದು. ಐದು ತಂದರೆ ಸಾಕು.

ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದಿದ್ದ ಭಾವನ ಬೂಟಿನ ಸದ್ದಷ್ಟೇ ದಾರಿ. ಮೊದಲ ಇಳಿತದಲ್ಲಿ ತೊಡೆ ನಡುಗಿತು. "ಭಾವ, ಹೆಜ್ಜೆ ಗಿಡ್ಡ ಮಾಡು" ಎಂದು ಅವನು ಕೆಳಗಿನಿಂದ ಕೂಗಿದ. ಗಿಡ್ಡ ಮಾಡಿದೆ. ಮೊಣಕಾಲನ್ನು ಸ್ವಲ್ಪ ಬಾಗಿಸಿಯೇ ಇಟ್ಟು, ಪಾದವನ್ನು ಮೈಯ ನೇರ ಕೆಳಗೆ ಊರಿದೆ. ಕಣ್ಣು ಮೂರು ಹೆಜ್ಜೆ ಮುಂದೆ. ಪಾಚಿ ಹಿಡಿದ ಮುರಕಲ್ಲು ಒದ್ದೆಯಲ್ಲಿ ಕಪ್ಪಗೆ ಮಿನುಗುತ್ತದೆ, ಅದನ್ನು ಬಿಟ್ಟು ಹುಲ್ಲಿನ ಬುಡವನ್ನೇ ಮೆಟ್ಟಬೇಕು. ಮೂರನೆಯ ಸುತ್ತಿಗೆ ನೋವು ಹೋಗಲಿಲ್ಲ, ಆದರೆ ಕಾಲು ಮಾತು ಕೇಳತೊಡಗಿತು. ಐದನೆಯ ಅಡಿಕೆ ಜೇಬಿಗೆ ಬಿದ್ದಾಗ ನನಗೆ ಅಳು ಬಂತು, ಸಂತೋಷಕ್ಕೆ.

ಎರಡು ವಾರ ಬಿಟ್ಟು ಮತ್ತೆ ಹೋದೆವು. ಮೇಲೆ ಉಳಿಸಿ ಬಂದ ಐದರಲ್ಲಿ ಹೊಂಡದಲ್ಲಿ ಇದ್ದದ್ದು ಮೂರು, ನೀರು ಕುಡಿದು ಕಪ್ಪಾಗಿದ್ದವು. ಶನಿವಾರ ಮತ್ತೆ ಹತ್ತು ಸುತ್ತು, ಈ ಸಲ ಮೊದಲಿನಿಂದಲೇ ಗಿಡ್ಡ ಹೆಜ್ಜೆ. ಮರುದಿನ ಬೆಳಿಗ್ಗೆ ಅತ್ತೆ ಕಿಟಕಿಯ ಬಳಿ ನಿಂತಿದ್ದರು. ನಾನು ಕಂಬ ಬಿಟ್ಟು, ಮುಖ ಮುಂದಾಗಿ, ಮೂರು ಮೆಟ್ಟಿಲು ಇಳಿದೆ. ಅವರು ಏನೂ ಹೇಳದೆ ಗಂಜಿ ಬಡಿಸಲು ಒಳಗೆ ಹೋದರು.