ವಾರದ ನಡುವಿನ ಕೋಳಿ, ಒಂದೇ ಬಾಣಲೆ

ಕಚೇರಿಯಿಂದ ಬಂದ ಮೇಲೆ ಮಸಾಲೆ ರುಬ್ಬುವ ಸಹನೆ ನನಗಿಲ್ಲ. ಮಿಕ್ಸಿ ತೊಳೆಯುವುದಂತೂ ಇನ್ನೂ ಬೇಸರ. ಹಾಗಾಗಿ ದಪ್ಪ ತಳದ ಬಾಣಲೆಯೇ ಗತಿ. ಅರ್ಧ ಕಿಲೋ ಚಿಕನ್, ಮೂಳೆ ಸಮೇತ. ಎರಡು ಆಲೂಗಡ್ಡೆ, ಸಿಪ್ಪೆ ತೆಗೆಯದೆ ದಪ್ಪ ಹೋಳು. ಕಾದ ಎಣ್ಣೆಯಲ್ಲಿ ಮೊದಲು ಆಲೂಗಡ್ಡೆಯನ್ನು ಹರಡಿ, ಒಂದು ಬದಿ ಕೆಂಪಾಗುವವರೆಗೆ ಸೌಟು ಮುಟ್ಟಿಸುವುದಿಲ್ಲ. ಆಮೇಲೆ ಈರುಳ್ಳಿ, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಶಿನ, ಉಪ್ಪು, ಚಿಕನ್. ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ 25 ನಿಮಿಷ. ನೀರು ಬೇಡ, ಕೋಳಿಯೇ ಬಿಡುತ್ತದೆ. ನಿಂಬೆರಸ ಮಾತ್ರ ಒಲೆ ಆರಿಸಿದ ಮೇಲೆ. ಹುಳಿ ಮೊದಲೇ ಬಿದ್ದರೆ ಆಲೂಗಡ್ಡೆ ಬೇಗ ಮೆತ್ತಗಾಗುವುದಿಲ್ಲ. ಕುಟ್ಟಿದ ಕಾಳುಮೆಣಸು ಧಾರಾಳವಾಗಿರಲಿ. ಇದು ಸಾರೂ ಅಲ್ಲ, ಪಲ್ಯವೂ ಅಲ್ಲ ಎಂದು ಅಮ್ಮ ಗೊಣಗುತ್ತಾರೆ, ಎರಡನೇ ಸಲ ಬಡಿಸಿಕೊಳ್ಳುತ್ತಲೇ. ಚಪಾತಿ ಮಾತ್ರ ಬೀದಿ ಕೊನೆಯ ಅಂಗಡಿಯದು.