ಪುಣೆಯ ಫ್ಲ್ಯಾಟಿನಲ್ಲಿ ಒಂದು ಕ್ವಿಂಟಲ್ ಜೋಳ

ಪುಣೆಯ ಕನ್ನಡ ಮನೆಗಳಲ್ಲಿ ಊರ ಕಡೆಯ ರೈತರಿಂದಲೇ ಜೋಳ ತರಿಸುವ ಹುರುಪು ಈಗ ಜೋರಾಗಿದೆ. ಒಳ್ಳೆಯದೇ. ಆದರೆ ಮಾರ್ಚಿನಲ್ಲಿ ಬಂದ ಚೀಲ ಆಗಸ್ಟಿನಲ್ಲಿ ನುಶಿ (ಕಾಳು ಕೊರೆಯುವ ಹುಳ) ಹಿಡಿದು ಸೊಸೈಟಿಯ ಪಾರಿವಾಳಗಳ ಪಾಲಾದರೆ ಬಂದ ಭಾಗ್ಯವೇನು? ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತು ಚೆಲ್ಲಿದ ಆಹಾರ 105 ಕೋಟಿ ಟನ್. ಅದರಲ್ಲಿ ಶೇ. 60 ಮನೆಗಳಲ್ಲೇ ಹೋದದ್ದು.

ಒಂದು ಕಿಲೋ ಹಿಟ್ಟಿಗೆ ಸುಮಾರು 15 ರೊಟ್ಟಿ. ದಿನಕ್ಕೆ ನಾಲ್ಕು ರೊಟ್ಟಿ ಬಡಿಯುವ ಮನೆಗೆ ವರ್ಷಕ್ಕೆ ಒಂದು ಕ್ವಿಂಟಲ್ ಸಾಕು. ಇಂಡಿ, ಚಡಚಣ, ಜತ್ತ, ಅಕ್ಕಲಕೋಟದ ಎರಿ (ಕಪ್ಪು ಮಣ್ಣಿನ) ಹೊಲಗಳಲ್ಲಿ ನೀರಾವರಿ ಇಲ್ಲದ ಹಿಂಗಾರಿ ಮಾಲದಂಡಿ ತಳಿಯ ಜೋಳ ಎಕರೆಗೆ ಮೂರು-ನಾಲ್ಕು ಕ್ವಿಂಟಲ್ ಬಂದರೆ ಸಾಧಾರಣ ಬೆಳೆ. ಹಾಗಾಗಿ ಮೂರ್ನಾಲ್ಕು ಮನೆ ಕೂಡಿದರೆ ಒಂದು ಎಕರೆಯ ಕಾಳಿಗೆ ಗಿರಾಕಿ ಸಿಕ್ಕಂತೆ. ಕಣಿಕೆ, ಅಂದರೆ ಜೋಳದ ಒಣ ದಂಟು, ದನಗಳಿಗೆ ಉಳಿಯುತ್ತದೆ. ಎಷ್ಟೋ ರೈತರು ಜೋಳ ಬಿತ್ತುವುದನ್ನು ಇನ್ನೂ ಬಿಟ್ಟಿಲ್ಲದಿರುವುದು ಆ ಕಣಿಕೆಗಾಗಿಯೇ. ಇಂಥ ಸಣ್ಣ ರೈತರ ಪಾಲು ಕಡಿಮೆಯೇನಲ್ಲ: ಎರಡು ಹೆಕ್ಟೇರಿಗಿಂತ ಸಣ್ಣ ಹಿಡುವಳಿಗಳು ಜಗತ್ತಿನ ಕೃಷಿಭೂಮಿಯ ಶೇ. 12ರಷ್ಟರಲ್ಲೇ ಮೂರನೇ ಒಂದು ಭಾಗದಷ್ಟು ಆಹಾರ ಬೆಳೆಯುತ್ತವೆ.

ಜೋಳವನ್ನು ಬೇರುಸಮೇತ ಕೀಳಲು ಆಳುಗಳಿಗೆ ಕೊಡಲು ರೈತನ ಕೈಯಲ್ಲಿ ರೊಕ್ಕ ಬೇಕು. ಅದಕ್ಕೇ ಸಣ್ಣ ರೈತ ರಾಶಿಯಾದ ಕೂಡಲೇ, ರೇಟು ಬಿದ್ದಿರುವಾಗಲೇ ಮಾರಿಬಿಡುತ್ತಾನೆ. ಅರ್ಧ ದುಡ್ಡು ಕೀಳುವ ಹೊತ್ತಿಗೇ ಮುಟ್ಟಿಸಿ. ರೇಟು ಅಲ್ಲಿಯ ಎಪಿಎಂಸಿ ದರಕ್ಕೂ ಇಲ್ಲಿ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನ ಚಿಲ್ಲರೆ ದರಕ್ಕೂ ನಡುವೆ ಇರಲಿ. ಅಕಾಲ ಮಳೆಗೆ ಕಾಳು ಕಪ್ಪಾದರೆ ಏನು ಮಾಡುವುದೆಂದು ಮೊದಲೇ ಮಾತಾಡಿಕೊಳ್ಳಿ. ಬೂಷ್ಟಿನ ವಾಸನೆ ಬಂದ ಕಾಳನ್ನಂತೂ ಯಾವ ರೇಟಿಗೂ ತಿನ್ನಬೇಡಿ.

ಚೀಲ ಬಂದ ದಿನ ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿ. ಕಟ್ ಎಂದು ಒಡೆಯಬೇಕು. ಹಲ್ಲಿಗೆ ಮೆತ್ತಗೆ ಸಿಕ್ಕರೆ ಪಸೆ ಇದೆ. ಟೆರೇಸಿನಲ್ಲಿ ಎರಡು ಬೆರಳು ದಪ್ಪ ಹರವಿ, ಆಗಾಗ ಕೈಯಾಡಿಸುತ್ತ ಎರಡು-ಮೂರು ಬಿಸಿಲು ಕೊಡಿ. ಹೆಚ್ಚಿನವರ ಜೋಳ ಕೆಡುವುದು ಇದರ ನಂತರ: ಬಿಸಿಬಿಸಿ ಕಾಳನ್ನೇ ಡಬ್ಬಿಗೆ ತುಂಬಿ ಮುಚ್ಚುತ್ತಾರೆ, ಒಳಗೆ ಬೆವರುತ್ತದೆ. ರಾತ್ರಿಯಿಡೀ ಆರಲಿ, ಬೆಳಿಗ್ಗೆ ತುಂಬಿ. ಬೇವಿನ ಎಲೆಯನ್ನೂ ನೆರಳಲ್ಲಿ ಗರಿಗರಿಯಾಗಿ ಒಣಗಿಸಿಯೇ ಹಾಕಬೇಕು. ಹಸಿ ಎಲೆ ನುಶಿಯನ್ನು ತಡೆಯುವ ಬದಲು ಬೂಷ್ಟು ತರುತ್ತದೆ.

ನುಶಿ ಕಾಳಿನೊಳಗೇ ಮೊಟ್ಟೆ ಇಡುತ್ತದೆ, ಮರಿ ಅಲ್ಲೇ ಬೆಳೆದು ಸುಮಾರು ಒಂದು ತಿಂಗಳಿಗೆ ಹೊರಬರುತ್ತದೆ. ಆದ್ದರಿಂದ ಜರಡಿ ಹಿಡಿದ ಮಾತ್ರಕ್ಕೆ ಕಾಳು ಶುದ್ಧವಾಗಲಿಲ್ಲ. ಗಾಳಿಯಾಡದ ದಪ್ಪ ಪ್ಲಾಸ್ಟಿಕ್ ಒಳಚೀಲದಲ್ಲಿ ಕಂಠಮಟ್ಟ ತುಂಬಿ, ಗಾಳಿ ಒತ್ತಿ ತೆಗೆದು ಬಿಗಿದು ಕಟ್ಟಿದರೆ ಒಳಗಿನ ಹುಳ ಉಸಿರಿಲ್ಲದೆ ಸಾಯುತ್ತದೆ. ಒಂದೇ ದೊಡ್ಡ ಚೀಲವಾದರೆ ವಾರವಾರ ಬಿಚ್ಚಬೇಕಾಗುತ್ತದೆ. 25 ಕಿಲೋದ ನಾಲ್ಕು ಚೀಲ ಮಾಡಿ, ಒಂದು ಮುಗಿದ ಮೇಲೆ ಇನ್ನೊಂದು. ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ, ಗೋಡೆಗೂ ಒರಗಿಸಬೇಡಿ. ಗೋದಾಮಿನ ವಿಷದ ಗುಳಿಗೆ ತಂದು ಫ್ಲ್ಯಾಟಿನಲ್ಲಿ ಇಡುವವರಿದ್ದಾರೆ. ಅದರಿಂದ ಹೊರಡುವ ಫಾಸ್ಫೀನ್ ಅನಿಲ ಮಲಗಿದವರನ್ನು ಕೊಂದುಬಿಡುತ್ತದೆ. ಒಂದು ಗುಳಿಗೆಯೂ ಬೇಡ.

ಗಿರಣಿಗೆ ಒಮ್ಮೆಗೆ ಮೂರು ಕಿಲೋಕ್ಕಿಂತ ಹೆಚ್ಚು ಒಯ್ಯಬೇಡಿ. ಜೋಳದ ಹಿಟ್ಟಿನಲ್ಲಿ ಎಣ್ಣೆಯಂಶವಿದೆ, ಎರಡು-ಮೂರು ವಾರಕ್ಕೆ ಕಹಿ ಹಿಡಿಯುತ್ತದೆ, ಜಿಗಿಯೂ ಹೋಗಿ ಬಡಿಯುವಾಗ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಜಿಗಿ ಮಾತ್ರ ಹೋಗಿ ಕಹಿಯಾಗಿರದಿದ್ದರೆ ಕುದಿಯುವ ಎಸರು ಜಾಸ್ತಿ ಹಾಕಿ ಚೆನ್ನಾಗಿ ನಾದಿ. ಆಗಲೂ ಬಿರಿದರೆ ತೆಳ್ಳಗೆ ಬಡಿಯುವ ಹಟ ಬಿಟ್ಟು ಸಣ್ಣದಾಗಿ, ದಪ್ಪಗೆ ಬಡಿದು ಬೆಳ್ಳುಳ್ಳಿ, ಜೀರಿಗೆ, ಖಾರ ಹಾಕಿ ಕುಟ್ಟಿ ಮುಟಗಿ ಮಾಡಿ.