ಹಳೆ ರೋಡಲ್ಲೇ ಯಾಕೆ ಹೋಗ್ತೀಯಾ?

"ಎಕ್ಸ್‌ಪ್ರೆಸ್‌ವೇ ಇರುವಾಗ ಹಳೆ ರೋಡಲ್ಲಿ ಯಾಕೆ ಹೋಗ್ತೀಯಾ? ಟೋಲ್ ಉಳಿಸೋಕಾ?" ಮೈಸೂರಿನಿಂದ ಬೆಂಗಳೂರಿಗೆ ಹೊರಟಾಗಲೆಲ್ಲ ಯಾರಾದರೂ ಇದನ್ನೇ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಆ ಟೋಲ್ ಮಾತು ಎತ್ತಿದರಂತೂ ಮೈ ಉರಿಯುತ್ತದೆ. ದುಡ್ಡಿನ ವಿಷಯ ಅಲ್ಲ, ಬರೆದಿಟ್ಟುಕೊಳ್ಳಿ.

ಹೊಸ ರಸ್ತೆ ಮೇಲೆ ನನಗೆ ದ್ವೇಷ ಇಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಮೂರು ಗಂಟೆ ಹಿಡಿಯುತ್ತಿದ್ದ ದಾರಿ ಒಂದೂವರೆ ಗಂಟೆಗೆ ಇಳಿಯಿತು. ಅಮ್ಮನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ನಾನೂ ಅದರಲ್ಲೇ ಹೋದೆ. ಆದರೆ ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಎಲ್ಲಕ್ಕೂ ಬೈಪಾಸ್. 1938ರಲ್ಲಿ ಧ್ವಜ ಹಾರಿಸಲು ಜನ ಸೇರಿದ್ದ ಶಿವಪುರದ ಸತ್ಯಾಗ್ರಹ ಸೌಧ ಮದ್ದೂರಿನ ಹಳೆ ರಸ್ತೆ ಪಕ್ಕದಲ್ಲೇ ಇದೆ. ಬೈಪಾಸಲ್ಲಿ ಹೋದವರಿಗೆ ಅದು ಕಾಣುವುದೇ ಇಲ್ಲ, ಅಲ್ವಾ?

ಹೋದ ವರ್ಷ ಮಂಡ್ಯ ದಾಟಿ ಒಂದು ಆಲೆಮನೆ ಹತ್ತಿರ ಕಾರು ನಿಲ್ಲಿಸಿದೆ. ಒಂದು ಕಿಲೋ ಬೆಲ್ಲ ತಗೊಂಡು ಹೊರಡೋಣ ಅಂತ. ಕೊಪ್ಪರಿಗೆ ಮುಂದಿದ್ದ ಅಜ್ಜ ತಲೆ ಎತ್ತಲಿಲ್ಲ.

"ಯಾವೂರಾಯ್ತು? ಕೂತ್ಕಳವ್ವ, ಪಾಕ ಬರೋಗಂಟ."

ಕೂತೆ. ಹಾಲು ಕುದ್ದು ನೊರೆ ಉಕ್ಕುತ್ತಿತ್ತು. ಕಬ್ಬಿನ ಹಾಲಿಗೆ ಬೆಂಡೆ ಗಿಡದ ರಸ ಹಾಕಿದರೆ ಕಸವೆಲ್ಲ ಮೇಲೆ ಬರುತ್ತದೆ, ಜರಡಿಯಲ್ಲಿ ಎತ್ತಿ ಹಾಕುತ್ತಾರೆ. ಒಲೆಗೆ ಹಿಂಡಿದ ಕಬ್ಬಿನ ಒಣಸಿಪ್ಪೆಯೇ ಸೌದೆ. ಅಜ್ಜ ಒಂದು ಹನಿ ಪಾಕವನ್ನು ತಣ್ಣೀರಿಗೆ ಬಿಟ್ಟು, ಎರಡು ಬೆರಳಲ್ಲಿ ತಿರುಗಿಸಿ ನೋಡಿದರು. ಉಂಡೆ ಕಟ್ಟಲಿಲ್ಲ. ಇನ್ನೊಂದು ಹಿಡಿ ಸಿಪ್ಪೆ ಒಲೆಗೆ.

"ಮೊದ್ಲು ಕಾರ್ನೋರು, ಬಸ್ಸಿನೋರು ಎಲ್ಲಾ ನಿಲ್ಸೋರು. ಈಗ ಆ ಕಡಿಂದ ಹೋಯ್ತಾರೆ. ರಾತ್ರಿ ಸದ್ದು ಮಾತ್ರ ಕೇಳ್ತದೆ ಕಣವ್ವ."

ಅಷ್ಟು ಹೇಳಿ ಮಗನ ಬಗ್ಗೆ, ನಾಲೆ ನೀರಿನ ಬಗ್ಗೆ, ಕಬ್ಬು ಕಡಿಯೋಕೆ ಜನ ಸಿಗದ ಬಗ್ಗೆ ಮಾತಾಡಿದರು. ನಾನು ನಡುವೆ ಬಾಯಿ ಹಾಕಲಿಲ್ಲ. ಬೆಂಗಳೂರಲ್ಲಿ ಮೀಟಿಂಗಿಗೆ ತಡವಾಯಿತು.

"ಯಾರು ಸಿಕ್ಕಿದ್ರು, ಏನಂದ್ರು?" ಅಂತ ಒಬ್ಬರೂ ಕೇಳಿಲ್ಲ. ಅದನ್ನ ಕೇಳಿ. ಆ ಅಜ್ಜನಿಗೆ ಪಾಕ ಬಂದಿದ್ದು ಮೂರನೇ ಸಲಕ್ಕೆ. ಉಂಡೆ ಬೆರಳ ನಡುವೆ ಗಟ್ಟಿಯಾಗಿ ನಿಂತಿತು. ಅದನ್ನೇ ನನ್ನ ಅಂಗೈಗೆ ಹಾಕಿ, "ಊದ್ಕೊಂಡ್ ತಿನ್ನವ್ವ, ಸುಡ್ತದೆ" ಅಂದರು.